ಮದ್ದು ಇದ್ದರೆ ಸಾಲದು, ಮುಟ್ಟಬೇಕು

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ದಿನ ಆ ಮನೆಯವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದಕ್ಕೆ ಔಷಧವಿಲ್ಲವೇ? ಅರ್ಬುದವೆಂದು ಹಿರಿಯರು ಕರೆದ ಈ ವ್ಯಾಧಿಗೆ ಮದ್ದೇ ಇಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಇಂದಿಗೂ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಪದಾರ್ಥಗಳು ಕಳೆದ ಎಂಬತ್ತು ವರ್ಷಗಳಲ್ಲಿ ಅನೇಕ ದೊರೆತಿವೆ. ವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆ ಬೇರೆ. ಆ ಪದಾರ್ಥವನ್ನು ರೋಗವಿರುವ ಎಡೆಗೆ, ಅಲ್ಲಿಗೆ ಮಾತ್ರ, ಸಾಕಾಗುವಷ್ಟು ಪ್ರಮಾಣದಲ್ಲಿ ಮುಟ್ಟಿಸುವುದು ಹೇಗೆ?

ಔಷಧ ಸಾಗಣೆ ಎಂದು ಕರೆಯಲಾಗುವ ಈ ಸಮಸ್ಯೆಗೆ ತಮ್ಮ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟವರಲ್ಲಿ ನಮ್ಮ ನೆರೆಯ ಧಾರವಾಡದಿಂದ ಹೊರಟ ಕನ್ನಡಿಗರೊಬ್ಬರು ಇದ್ದಾರೆ. ಅವರೇ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ವಿಜ್ಞಾನಿ ಡಾ. ಕಟ್ಟೇಶ್ ಕಟ್ಟಿ. ಅವರ ಸಂಶೋಧನೆಯನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಒಂದು ಉದ್ದೇಶ. ಅದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಮ್ಮ ಕುಟುಂಬಗಳು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಸ್ಪಷ್ಟಪಡಿಸುವುದು ಇನ್ನೊಂದು ಉದ್ದೇಶ. ಎರಡನೆಯದೇ ಹೆಚ್ಚು ಮುಖ್ಯವೆಂದು ನಾವು ಭಾವಿಸುತ್ತೇವೆ.

ಹರಿಯುವ ನೀರು, ತೊಟ್ಟಿಕ್ಕುವ ನೀರು

ವಿಷಯ ಕ್ಲಿಷ್ಟವೆಂದು ತೋರಿದರೂ ನಮ್ಮ ಸೀಮೆಯ ರೈತರಿಗೆ ಇದರ ತಿರುಳು ಚೆನ್ನಾಗಿ ಗೊತ್ತು. ಎರೆ ಹೊಲಕ್ಕೆ ಕಾಲುವೆಯ ನೀರನ್ನು ಹರಿಯಬಿಟ್ಟರೆ ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಬೇಡದ ಕಡೆ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಭೂಮಿ ಸವಳು ಜವಳಾಗುತ್ತದೆ. ಕೊನೆಯಂಚಿನ ಹೊಲಕ್ಕೆ ಮಾತ್ರ ಹನಿಯೂ ತಲುಪುವುದಿಲ್ಲ. ಈ ಕಾರಣದಿಂದಲೇ ಹುನಗುಂದ ತಾಲ್ಲೂಕಿನಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಬಳಸಿ, ಸುಮಾರು 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಬೇರಿನ ಬುಡಕ್ಕೇ ನೀರು ತಲುಪಿಸುವ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯನ್ನು ಕೈಗೊಳ್ಳಲಾಯಿತು. ಹಾಕಿದ ಕೊಳವೆಯಿಂದ ಪ್ರತಿಯೊಬ್ಬ ರೈತನ ಹೊಲಕ್ಕೂ ನೀರು ಮುಟ್ಟಿತೇ ಎಂಬುದು ಬೇರೆಯೇ ಚರ್ಚೆ. ಆದರೆ ಆ ಚರ್ಚೆಯೂ ಒಂದು ಪಾಠವನ್ನು ಕಲಿಸುತ್ತದೆ. ಕೊಳವೆ ಹೂಳಿದ ಮಾತ್ರಕ್ಕೆ ಬೇರು ತಂಪಾಗುವುದಿಲ್ಲ.

ರೂಢಿಯ ಕ್ಯಾನ್ಸರ್ ಔಷಧಗಳು ಬಹುಮಟ್ಟಿಗೆ ಹರಿಯಬಿಟ್ಟ ನೀರಿನಂತೆ. ರಕ್ತನಾಳಕ್ಕೆ ಸೇರಿದ ಔಷಧ ಇಡೀ ಶರೀರವನ್ನು ಸುತ್ತುತ್ತದೆ. ಅದು ಬೇಗ ಬೇಗ ವಿಭಜನೆಗೊಳ್ಳುವ ಕೋಶಗಳನ್ನೆಲ್ಲ ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳಂತೆಯೇ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಎಲುಬಿನೊಳಗೆ ರಕ್ತ ಹುಟ್ಟುವ ಮಜ್ಜೆ, ಇವೆಲ್ಲ ಬೇಗ ವಿಭಜನೆಗೊಳ್ಳುವ ಸ್ಥಳಗಳು. ಕಿಮೋಥೆರಪಿ ಪಡೆದವರ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ವಾಂತಿಯಾಗುವುದು, ರಕ್ತಕಣಗಳು ಕುಸಿಯುವುದು, ಎಲ್ಲಕ್ಕೂ ಮುಖ್ಯ ಕಾರಣ ಇದೇ. ಇವು ಔಷಧದ ಸವಳು ಜವಳು ಎಂದರೆ ತಪ್ಪಾಗಲಾರದು.

ಗುರಿಯ ಕನಸು

ರೋಗವನ್ನು ಮಾತ್ರ ಹುಡುಕಿ ಹೊಡೆದು, ರೋಗಿಯನ್ನು ಬಿಟ್ಟುಬಿಡುವ ಔಷಧವಿರಬೇಕೆಂಬ ಕನಸನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡವರು ಜರ್ಮನಿಯ ಪಾಲ್ ಎರ್ಲಿಕ್. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇವರು ಅಂತಹ ಔಷಧವನ್ನು ಮಾಯಾಗುಂಡು ಎಂದು ಕರೆದರು. ನಮ್ಮ ಭಾಷೆಯ ರಾಮಬಾಣವೆಂಬ ಮಾತು ಇದಕ್ಕೆ ಸಮೀಪವಾದುದು.

ಆದರೆ ಕ್ಯಾನ್ಸರಿನ ಮೊದಲ ಔಷಧಗಳು ಬಾಣಗಳಾಗಿರಲಿಲ್ಲ. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಎಂಬ ಇಬ್ಬರು ಔಷಧಶಾಸ್ತ್ರಜ್ಞರು, ಯುದ್ಧದ ವಿಷಾನಿಲದ ಬಂಧುವಾದ ನೈಟ್ರೊಜನ್ ಮಸ್ಟರ್ಡನ್ನು ದುಗ್ಧಗ್ರಂಥಿಗಳ ಕ್ಯಾನ್ಸರಿನ ರೋಗಿಯೊಬ್ಬರಿಗೆ ಕೊಡಿಸಿದರು. ಗಡ್ಡೆಗಳು ಕರಗಿದವು. ಕೆಲವು ವಾರಗಳ ನಂತರ ಮರಳಿ ಬಂದವು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಎಂಬ ಔಷಧದಿಂದ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ತಾತ್ಕಾಲಿಕ ಉಪಶಮನ ಕಂಡುಬಂದುದನ್ನು ವರದಿ ಮಾಡಿದರು. ಆ ಔಷಧವನ್ನು ಒದಗಿಸಿದ್ದು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರ ಸಂಶೋಧನಾ ತಂಡ. ಅದೇ ಮನೆತನದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಹೀಗೆ ಕೊಲ್ಲುವ ಶಕ್ತಿ ಕೈಗೆ ಬಂದಿತು. ಗುರಿ ಮಾತ್ರ ಕೈಗೆಟುಕಲಿಲ್ಲ.

ಗುರಿ ಎಟುಕದಿರಲು ಕಾರಣಗಳುಂಟು. ರಕ್ತಕ್ಕೆ ಸೇರಿದ ಅನ್ಯ ಕಣಗಳನ್ನು ಯಕೃತ್ತು ಮತ್ತು ಗುಲ್ಮ ಹಿಡಿದು ಸೋಸಿಬಿಡುತ್ತವೆ. ಉಳಿದವು ಗಡ್ಡೆಯವರೆಗೆ ಹೋದರೂ ಅಲ್ಲಿನ ರಕ್ತನಾಳಗಳು ಅಂಕುಡೊಂಕಾಗಿ, ಕೆಲವು ಕಡೆ ಸೋರುತ್ತ, ಕೆಲವು ಕಡೆ ಮುಚ್ಚಿಕೊಂಡು ಇರುತ್ತವೆ. ಗಡ್ಡೆಯೊಳಗಿನ ದ್ರವದ ಒತ್ತಡ ಹೆಚ್ಚಾಗಿರುವುದರಿಂದ ಒಳನುಗ್ಗುವ ಔಷಧವನ್ನು ಅದು ಹೊರಕ್ಕೆ ದಬ್ಬುತ್ತದೆ. ಇದನ್ನೆಲ್ಲ ದಾಟಿ ಕೋಶದೊಳಕ್ಕೆ ಹೋದ ಔಷಧಕ್ಕೂ ನೆಲೆಯಿಲ್ಲ. ಕೆಲವು ಕ್ಯಾನ್ಸರ್ ಕೋಶಗಳ ಗೋಡೆಯಲ್ಲಿ ಔಷಧವನ್ನು ಎತ್ತಿ ಹೊರಗೆಸೆಯುವ ಪಂಪುಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಪಿ-ಗ್ಲೈಕೊಪ್ರೋಟೀನನ್ನು 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಎಂಬವರು ವಿವರಿಸಿದರು. ಮೊದಲು ಫಲ ಕೊಟ್ಟ ಔಷಧ ಕೆಲವು ತಿಂಗಳ ನಂತರ ನಾಟದೆ ಹೋಗುವುದಕ್ಕೆ ಇಂತಹ ಪಂಪುಗಳೂ ಒಂದು ಕಾರಣ.

ನಷ್ಟ ಎಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. 2016ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು, ಹಿಂದಿನ ಹತ್ತು ವರ್ಷಗಳಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ವರದಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಗಡ್ಡೆಗೆಂದೇ ರೂಪಿಸಿ ರಕ್ತದಲ್ಲಿ ಕಳುಹಿಸಿದ ಅತಿಸೂಕ್ಷ್ಮ ಕಣಗಳಲ್ಲಿ ಗಡ್ಡೆಯನ್ನು ತಲುಪಿದ ಪಾಲು ಸರಿಸುಮಾರು ಶೇಕಡ 0.7 ಮಾತ್ರ. ಅಂದರೆ ಸಾವಿರ ಹೊರಟರೆ ಮುಟ್ಟುವುದು ಏಳು.

ಚಿನ್ನದ ಕಣ, ಚಹಾದ ಕೊಂಡಿ

ಡಾ. ಕಟ್ಟಿ ಅವರ ಪ್ರಯತ್ನದ ಮಹತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಅವರು ಮೂಲತಃ ವೈದ್ಯರೂ ಅಲ್ಲ, ಔಷಧಶಾಸ್ತ್ರದ ಪದವೀಧರರೂ ಅಲ್ಲ. ಅವರದು ರಸಾಯನಶಾಸ್ತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ವಿದೇಶಕ್ಕೆ ತೆರಳಿದ ಅವರು ಮಿಸೌರಿಯ ಕೊಲಂಬಿಯಾ ನಗರದಲ್ಲಿ ನೆಲೆನಿಂತರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ 10 ಮೆಗಾವಾಟ್ ಸಾಮರ್ಥ್ಯದ ಸಂಶೋಧನಾ ಪರಮಾಣು ಸ್ಥಾವರವಿದೆ. ವೈದ್ಯಕೀಯಕ್ಕೆ ಬೇಕಾದ ವಿಕಿರಣ ಪದಾರ್ಥಗಳು ಅಲ್ಲಿ ತಯಾರಾಗುತ್ತವೆ. ರಸಾಯನಶಾಸ್ತ್ರಜ್ಞರು, ಭೌತಶಾಸ್ತ್ರಜ್ಞರು, ಪಶುವೈದ್ಯರು, ವಿಕಿರಣ ತಜ್ಞರು ಒಂದೇ ಆವರಣದಲ್ಲಿ ಕೂಡಿ ದುಡಿಯುವ ಅವಕಾಶ ಅವರಿಗೆ ದೊರೆಯಿತು.

ಅವರು ಆರಿಸಿಕೊಂಡ ವಾಹನ ಚಿನ್ನ. ನಾವು ಕಾಣುವ ಚಿನ್ನವಲ್ಲ, ನ್ಯಾನೊ ಕಣಗಳಾಗಿ ಒಡೆದ ಚಿನ್ನ. ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಹೆಚ್ಚುಕಡಿಮೆ 80,000 ನ್ಯಾನೊಮೀಟರ್. ಕೆಲವೇ ಹತ್ತು ನ್ಯಾನೊಮೀಟರುಗಳಷ್ಟು ಕಿರಿದಾದಾಗ ಚಿನ್ನವು ಹಳದಿಯಾಗಿ ಉಳಿಯುವುದಿಲ್ಲ. ನೀರಿನಲ್ಲಿ ಅದು ಇಳಕಲ್ ಸೀರೆಯ ಸೆರಗಿನಂತೆ ಕೆಂಪಾಗಿ ಕಾಣುತ್ತದೆ.

ಇಂತಹ ಕಣಗಳನ್ನು ತಯಾರಿಸಲು ಸಾಮಾನ್ಯವಾಗಿ ವಿಷಕಾರಿ ರಾಸಾಯನಿಕಗಳನ್ನು ಬಳಸಲಾಗುತ್ತಿತ್ತು. ರೋಗಿಯ ದೇಹಕ್ಕೆ ಸೇರಬೇಕಾದ ಕಣಕ್ಕೆ ಆ ವಿಷದ ಸೋಂಕು ಏಕೆಂದು ಯೋಚಿಸಿದ ಡಾ. ಕಟ್ಟಿ ಮತ್ತು ಅವರ ಸಹೋದ್ಯೋಗಿಗಳು ಚಹಾ, ಸೋಯಾ ಮೊದಲಾದ ಸಸ್ಯಗಳ ಸತ್ತ್ವವನ್ನು ಬಳಸಿದರು. ಹಸಿರು ನ್ಯಾನೊ ತಂತ್ರಜ್ಞಾನವೆಂಬ ಹೆಸರಿನಲ್ಲಿ ಈ ಮಾರ್ಗ ಪ್ರಸಿದ್ಧವಾಯಿತು. ಚಹಾದಲ್ಲಿ ಇ.ಜಿ.ಸಿ.ಜಿ. ಎಂದು ಸಂಕ್ಷೇಪವಾಗಿ ಕರೆಯಲಾಗುವ ಒಂದು ಪದಾರ್ಥವಿದೆ. ಅದು ಎರಡು ಕೆಲಸ ಮಾಡುತ್ತದೆ. ಚಿನ್ನದ ಲವಣವನ್ನು ಕಣವಾಗಿಸಿ ಅದರ ಸುತ್ತ ಹೊದಿಕೆಯಾಗುವುದು ಒಂದು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿರುವ ಲ್ಯಾಮಿನಿನ್ ಗ್ರಾಹಕವೆಂಬ ಹಿಡಿಕೆಗೆ ಅಂಟಿಕೊಳ್ಳುವುದು ಇನ್ನೊಂದು. ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ.

ಇಳಕಲ್ಲಿನ ನೇಕಾರ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವರ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ತೋಪ ತೆನಿ ಸೆರಗನ್ನು ಕೂಡಿಸುವಾಗ ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆಯ ಬಾಳಿಕೆ ಆ ಕೊಂಡಿಯಲ್ಲಿದೆ. ಔಷಧ ಸಾಗಣೆಯಲ್ಲಿಯೂ ಹಾಗೆಯೇ. ವಾಹನ ಎಷ್ಟೇ ಬೆಲೆಯುಳ್ಳದ್ದಾಗಿರಲಿ, ರೋಗದ ಕೋಶಕ್ಕೆ ಅದನ್ನು ಹಿಡಿದಿಡುವ ಕೊಂಡಿ ಗಟ್ಟಿಯಾಗಿರಬೇಕು.

ವಾಹನಕ್ಕೂ ಕೊಂಡಿಗೂ ಜೊತೆಗೆ ಬೇಕಾದ ಆಯುಧವೂ ಚಿನ್ನವೇ. ಪರಮಾಣು ಸ್ಥಾವರದಲ್ಲಿ ಚಿನ್ನವನ್ನು ವಿಕಿರಣಶೀಲ ಚಿನ್ನ-198 ಆಗಿ ಮಾರ್ಪಡಿಸಬಹುದು. ಅದು ಸೂಸುವ ಬೀಟಾ ಕಿರಣಗಳು ಶರೀರದಲ್ಲಿ ಕೆಲವೇ ಮಿಲಿಮೀಟರ್ ದೂರ ಸಾಗುವುದರಿಂದ ಗಡ್ಡೆಗೆ ಪೆಟ್ಟು ಹೆಚ್ಚು, ನೆರೆಯ ಅಂಗಗಳಿಗೆ ಕಡಿಮೆ. ಅದರ ಅರ್ಧಾಯುಷ್ಯ 2.7 ದಿನ, ಮೂರು ವಾರಗಳಲ್ಲಿ ಶೇಕಡ 99ಕ್ಕಿಂತ ಹೆಚ್ಚಿನ ವಿಕಿರಣ ಮುಗಿದುಹೋಗಿರುತ್ತದೆ.

2012ರಲ್ಲಿ ಈ ತಂಡದ ಪ್ರಯೋಗದ ಫಲಿತಾಂಶ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರನ್ನು ಇಲಿಗಳಲ್ಲಿ ಬೆಳೆಸಿ, ಗಡ್ಡೆಯೊಳಕ್ಕೇ ಒಂದು ಬಾರಿ ಈ ಕಣಗಳ ಚುಚ್ಚುಮದ್ದು ನೀಡಲಾಗಿತ್ತು. 24 ಗಂಟೆಗಳ ನಂತರವೂ ಸುಮಾರು ಶೇಕಡ 72 ಭಾಗ ಗಡ್ಡೆಯಲ್ಲಿಯೇ ಉಳಿದಿತ್ತು. 28 ದಿನಗಳ ನಂತರ, ಚಿಕಿತ್ಸೆ ಪಡೆಯದ ಇಲಿಗಳೊಂದಿಗೆ ಹೋಲಿಸಿದರೆ, ಗಡ್ಡೆಯ ಗಾತ್ರ ಶೇಕಡ 80ರಷ್ಟು ಕಡಿಮೆಯಾಗಿತ್ತು. ನಾಯಿಗಳಿಗೂ ಸಹಜವಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದುಂಟು. ಗೋಂದಿನ ಹೊದಿಕೆಯಿದ್ದ ಇಂತಹದೇ ವಿಕಿರಣಶೀಲ ಚಿನ್ನವನ್ನು ಅಂತಹ ನಾಯಿಗಳಿಗೆ ನೀಡಿದಾಗ ಅಲ್ಪಾವಧಿಯಲ್ಲಿ ವಿಷಪರಿಣಾಮ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ವಿಕಿರಣ ರಸಾಯನಶಾಸ್ತ್ರದ ಗಣ್ಯ ಗೌರವವಾದ ಹೆವೆಶಿ ಪದಕ 2015ರಲ್ಲಿ ಡಾ. ಕಟ್ಟಿ ಅವರಿಗೆ ಸಂದಿತು.

ಕಾಳು ಮತ್ತು ರಾಶಿ

ಇಲ್ಲಿ ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ಶೇಕಡ 0.7 ಎಲ್ಲಿ, ಶೇಕಡ 72 ಎಲ್ಲಿ ಎಂದು ಹಿಗ್ಗುವುದು ಸಹಜ. ಆದರೆ ಎರಡೂ ಒಂದೇ ತಕ್ಕಡಿಯವಲ್ಲ. ಮೊದಲನೆಯದು ರಕ್ತದ ಮೂಲಕ ಸುತ್ತಿ ಬಂದ ಔಷಧದ ಲೆಕ್ಕ. ಎರಡನೆಯದು ಗಡ್ಡೆಗೇ ನೇರವಾಗಿ ಚುಚ್ಚಿದ ಔಷಧದ ಲೆಕ್ಕ. ಚುಚ್ಚಲು ಸಿಗುವ ಗಡ್ಡೆಗೆ ಮಾತ್ರ ಈ ಮಾರ್ಗ. ಎಲುಬಿಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ಹರಡಿದ ರೋಗಕ್ಕೆ ಇದು ತಲುಪುವುದಿಲ್ಲ.

ಎರಡನೆಯದಾಗಿ, ಇಲಿ ಮನುಷ್ಯನಲ್ಲ. ತತ್ತ್ವಶಾಸ್ತ್ರದಲ್ಲಿ ಅರಿಸ್ಟಾಟಲನು ಶಕ್ಯತೆಗೂ ಸಿದ್ಧಿಗೂ ಇರುವ ಭೇದವನ್ನು ಬೋಧಿಸಿದನು. ಸಂತ ಥಾಮಸ್ ಅಕ್ವಿನಾಸರು ಅದನ್ನೇ ಮುಂದುವರಿಸಿದರು. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ, ಬಿತ್ತಿದ ಜೋಳದ ಕಾಳಿನಲ್ಲಿ ತೆನೆಯಾಗುವ ಶಕ್ಯತೆಯಿದೆ, ಆದರೆ ಕಾಳನ್ನೇ ರಾಶಿಯೆಂದು ನಂಬಿ ಸಾಲ ಮಾಡುವವನು ಜಾಣನಲ್ಲ. ಡಾ. ಕಟ್ಟಿ ಅವರ ವಿಕಿರಣಶೀಲ ಚಿನ್ನ ಮೊಳೆತ ಕಾಳು. ಆಸ್ಪತ್ರೆಗೆ ಹೋಗಿ ಕೇಳಿ ಪಡೆಯಬಹುದಾದ ರೂಢಿಯ ಚಿಕಿತ್ಸೆ ಅದಿನ್ನೂ ಆಗಿಲ್ಲ.

ಹಾಗೆಂದು ದಾರಿಯೇ ತಪ್ಪೆಂದಲ್ಲ. ರೋಗದ ಕೋಶವನ್ನು ಹುಡುಕಿ ಅಂಟಿಕೊಳ್ಳುವ ವಿಕಿರಣ ಔಷಧವೊಂದು ಬೇರೆ ಸಂಶೋಧಕರ ಶ್ರಮದಿಂದ ಈಗಾಗಲೇ ರೋಗಿಗಳನ್ನು ತಲುಪಿದೆ. ಲುಟೇಶಿಯಮ್-177 ಎಂಬ ಧಾತುವನ್ನು ಹೊತ್ತೊಯ್ಯುವ ಆ ಔಷಧಕ್ಕೆ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ 2022ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2021ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ, ಬೇರೆ ಮುಖ್ಯ ಔಷಧಗಳು ವಿಫಲವಾಗಿದ್ದ ರೋಗಿಗಳ ಮಧ್ಯಮ ಆಯುಷ್ಯ 11.3 ತಿಂಗಳಿನಿಂದ 15.3 ತಿಂಗಳಿಗೆ ಏರಿತು. ನಾಲ್ಕು ತಿಂಗಳು! ಪತ್ರಿಕೆಯ ತಲೆಬರಹಗಳಿಗೆ ಇದು ಅಲ್ಪವೆನಿಸಬಹುದು. ಮಗಳ ಮದುವೆಯನ್ನು ನೋಡಲು ಕಾಯುತ್ತಿರುವ ತಂದೆಗೆ ಇದು ಅಲ್ಪವಲ್ಲ. ವಿಜ್ಞಾನ ಹೀಗೆ ಗೇಣು ಗೇಣಾಗಿ ಮುಂದುವರಿಯುತ್ತದೆ.

ಚಿನ್ನದ ಸುದ್ದಿಯಿಂದ ಆಗಬಹುದಾದ ಹಾನಿ

ಇಂತಹ ಸಂಶೋಧನೆಗಳ ಸುದ್ದಿ ಬಾಯಿಂದ ಬಾಯಿಗೆ ಹರಡುವಾಗ ರೂಪ ಬದಲಿಸುತ್ತದೆ. 'ಚಿನ್ನದಿಂದ ಕ್ಯಾನ್ಸರ್ ವಾಸಿಯಾಗುತ್ತದಂತೆ', 'ಚಹಾ ಕುಡಿದರೆ ಸಾಕಂತೆ' ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ. ಅದರ ಬೆನ್ನಿಗೆ ಯಾರೋ ಒಬ್ಬರು ಭಸ್ಮದ ಪೊಟ್ಟಣ ಹಿಡಿದು ಮನೆಬಾಗಿಲಿಗೆ ಬರುತ್ತಾರೆ. ಡಾ. ಕಟ್ಟಿ ಅವರ ತಂಡ ಮಾವಿನ ಸತ್ತ್ವ ಮತ್ತು ಚಿನ್ನದ ಕಣಗಳಿಂದ ತಯಾರಿಸಿದ ನ್ಯಾನೊ ಸ್ವರ್ಣಭಸ್ಮವನ್ನು ಭಾರತದಲ್ಲಿ ಸ್ತನ ಕ್ಯಾನ್ಸರಿನ ಕೆಲವೇ ರೋಗಿಗಳಲ್ಲಿ ಪ್ರಾಯೋಗಿಕವಾಗಿ ಬಳಸಿ, ಆಶಾದಾಯಕ ವರದಿಯನ್ನು 2020ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಆ ರೋಗಿಗಳಿಗೆ ಅದನ್ನು ಕೊಟ್ಟದ್ದು ರೂಢಿಯ ಚಿಕಿತ್ಸೆಯ ಜೊತೆಗೆ. ಅದನ್ನು ಬಿಡಿಸಿ ಅಲ್ಲ. ಅಷ್ಟು ಚಿಕ್ಕ ಪರೀಕ್ಷೆಯಿಂದ ಔಷಧದ ಗುಣವನ್ನು ಖಚಿತವಾಗಿ ತೀರ್ಮಾನಿಸಲೂ ಆಗದು. ಪ್ರಯೋಗಾಲಯದಲ್ಲಿ ಅಳೆದು ತಯಾರಿಸಿದ ಆ ಕಣಕ್ಕೂ ಸಂತೆಯಲ್ಲಿ ಮಾರುವ ಪುಡಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಚಿಕಿತ್ಸೆ ಬಿಟ್ಟು ಪುಡಿ ನಂಬಿದ ಪ್ರತಿಯೊಂದು ವಾರವೂ ಗಡ್ಡೆಗೆ ಲಾಭ, ರೋಗಿಗೆ ನಷ್ಟ.

ಮೊದಲ ಹಾದಿ ನಮ್ಮದು

ಔಷಧದ ಪಯಣದಲ್ಲಿ ಎರಡು ಹಾದಿಗಳಿವೆ. ರಕ್ತದಿಂದ ಕೋಶದವರೆಗಿನ ಕೊನೆಯ ಹಾದಿ ವಿಜ್ಞಾನಿಗಳದು. ಮನೆಯಿಂದ ಆಸ್ಪತ್ರೆಯವರೆಗಿನ ಮೊದಲ ಹಾದಿ ನಮ್ಮದು. ನಮ್ಮ ಭಾಗದಲ್ಲಿ ಹೆಚ್ಚು ಜೀವಗಳು ನಷ್ಟವಾಗುವುದು ಈ ಮೊದಲ ಹಾದಿಯಲ್ಲಿಯೇ ಎಂಬುದು ಮನೆಗಳ ಸಂದರ್ಶನದಿಂದ ನಮಗೆ ಬಂದಿರುವ ಅನುಭವ. ಮೂತ್ರದಲ್ಲಿ ರಕ್ತ ಕಂಡು ಎಂಟು ತಿಂಗಳು ಯಾರಿಗೂ ಹೇಳದೆ ಇದ್ದ ಹಿರಿಯರೊಬ್ಬರು ನಮ್ಮೊಡನೆ ಆಡಿದ ಮಾತು ನೆನಪಿದೆ: "ವಯಸ್ಸಾತು ಫಾದರ್, ಇದೆಲ್ಲಾ ಇರೋದ ಅಂತ ಸುಮ್ಮನಿದ್ದೆ ನೋಡ್ರಿ. ಮಕ್ಕಳಿಗೆ ಯಾಕ ತ್ರಾಸ ಕೊಡೋದು?" ಮಕ್ಕಳಿಗೆ ತೊಂದರೆ ತಪ್ಪಿಸಬೇಕೆಂಬ ಆ ಪ್ರೀತಿಯೇ ಕೊನೆಗೆ ಮಕ್ಕಳ ಪಾಲಿಗೆ ದೊಡ್ಡ ದುಃಖವಾಯಿತು. ತಾಯಂದಿರು ಸ್ತನದ ಗಂಟನ್ನು ಸಂಕೋಚದಿಂದ ಮುಚ್ಚಿಡುತ್ತಾರೆ. ಮಗ್ಗದ ಮುಂದೆ, ಕಲ್ಲುಗಣಿಯಲ್ಲಿ ದುಡಿಯುವವರು ತಂಬಾಕಿನ ಎಡೆಯಲ್ಲೆದ್ದ ಬಾಯಿಹುಣ್ಣನ್ನು ಉಷ್ಣವೆಂದು ತಳ್ಳಿಹಾಕುತ್ತಾರೆ.

ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಾಯಿಯೊಳಗಿನ ಬಿಳಿ ಅಥವಾ ಕೆಂಪು ಕಲೆ, ಸ್ತನದಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ಕಾಣುವ ರಕ್ತಸ್ರಾವ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಐವತ್ತು ದಾಟಿದ ಗಂಡಸರಿಗೆ ಮೂತ್ರದ ತೊಂದರೆಯುಂಟಾದರೆ ಅದು ಬಹಳ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಗ್ರಂಥಿ ದೊಡ್ಡದಾಗಿರುತ್ತದೆ ಅಷ್ಟೆ. ಆದರೆ ಹೌದೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ವೈದ್ಯರು, ನೆರೆಹೊರೆಯವರಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಸೇವೆ ಸಲ್ಲಿಸುತ್ತಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹಣವಿಲ್ಲವೆಂದು ಮನೆಯಲ್ಲಿ ಕುಳಿತುಕೊಳ್ಳುವ ಮುನ್ನ ಇದನ್ನು ವಿಚಾರಿಸಬೇಕು.

ಇನ್ನೊಂದು ಮಾತು ನಮ್ಮ ವಿಶ್ವಾಸಿಗಳಿಗೆ ವಿಶೇಷವಾಗಿ. ವೈದ್ಯರ ಬಳಿಗೆ ತಡವಾಗಿ ಹೋಗುವ ಕುಟುಂಬಗಳು ಗುರುಗಳನ್ನೂ ತಡವಾಗಿಯೇ ಕರೆಯುತ್ತವೆ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಇಂದಿಗೂ ಕೆಲವರು ಕೊನೆಯ ಗಳಿಗೆಯ ವಿಧಿಯೆಂದೇ ತಿಳಿದಿದ್ದಾರೆ. ಅದು ಸಾಯುವವರಿಗೆ ಮಾತ್ರ ಮೀಸಲಾದುದಲ್ಲ. ಗಂಭೀರವಾದ ಕಾಯಿಲೆ ತಿಳಿದಾಗಲೇ, ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನವೇ ಪಡೆಯಬಹುದಾದುದು. ಪ್ರಾರ್ಥನೆಯನ್ನು ಚಿಕಿತ್ಸೆಗೆ ಬದಲಿಯಾಗಿ ಇಡುವುದು ಧರ್ಮಸಭೆಯ ಬೋಧನೆಯಲ್ಲ. ವೈದ್ಯನನ್ನು ಗೌರವಿಸಬೇಕೆಂದೂ ಔಷಧವನ್ನು ತಿರಸ್ಕರಿಸಬಾರದೆಂದೂ ಸಿರಾಖನ ಗ್ರಂಥದ 38ನೆಯ ಅಧ್ಯಾಯ ತಿಳಿಸುತ್ತದೆ.

ಧರ್ಮಕೇಂದ್ರದ ಕುಟುಂಬಗಳು ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಹುಬ್ಬಳ್ಳಿಗೆ ಹೋಗಬೇಕಾದ ರೋಗಿಯ ಜೊತೆಗೆ ಒಬ್ಬರು ಬಸ್ಸು ಹತ್ತುವುದು, ಕಾಗದಪತ್ರ ಓದಲು ಬರದವರಿಗೆ ಓದಿ ಹೇಳುವುದು, ಕಿಮೋಥೆರಪಿ ನಡೆಯುತ್ತಿರುವ ಮನೆಗೆ ಒಂದು ಹೊತ್ತಿನ ಊಟ ಕಳುಹಿಸುವುದು, ಕೂದಲು ಉದುರಿದ ತಾಯಿಯನ್ನು ಕನಿಕರದ ಕಣ್ಣಿನಿಂದ ನೋಡದೆ ಎಂದಿನಂತೆ ಮಾತನಾಡಿಸುವುದು. ಅರ್ಧದಲ್ಲಿ ಚಿಕಿತ್ಸೆ ಬಿಡುವವರಲ್ಲಿ ಹಲವರು ಔಷಧಕ್ಕೆ ಹೆದರಿ ಬಿಡುವುದಿಲ್ಲ, ಒಂಟಿತನಕ್ಕೆ ಸೋತು ಬಿಡುತ್ತಾರೆ.

ಧಾರವಾಡದಿಂದ ಹೊರಟವರೊಬ್ಬರು ಕೋಶದವರೆಗಿನ ಆ ಕೊನೆಯ ಹಾದಿಗಾಗಿ ದಶಕಗಳನ್ನು ವ್ಯಯಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಇಳಕಲ್ಲಿನಿಂದ, ಬಾದಾಮಿಯಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿ. ಅದಕ್ಕೆ ಸಂಶೋಧನೆ ಬೇಕಿಲ್ಲ. ಈ ವಾರ ನಿಮ್ಮ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೈಯಲ್ಲಿ ಏನಾದರೂ ತೊಂದರೆಯಿದೆಯೇ ಎಂದು ಬಿಚ್ಚುಮನಸ್ಸಿನಿಂದ ಕೇಳಿರಿ.